ಕುರಿ ಇಲ್ಲದ ಬಾನಿ

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ ಎಂದು ಹೇಳಿದ ಕೂಡಲೇ ಗಂಡಸರೆಲ್ಲ ಗೊಳ್ಳೆಂದು ನಗುತ್ತಾರೆ. ಯಾವ ಊರಿಗೆ ಹೋದರೂ ಅಷ್ಟೇ. ತಿರುಮಣಿ ಕಡೆಯ ಆ ಹಟ್ಟಿಯಲ್ಲೂ ನಕ್ಕರು. ಒಬ್ಬ ಎದ್ದು ನಿಂತು, "ಅಂಗಾರೆ ನಮ್ ಮನೇಲಿ ಒಂದು ದೊಡ್ಡ ಸೊಳ್ಳೆ ಐತೆ ಸಾರ್, ಇಡ್ಕಂಡೋಗ್ಬುಡಿ" ಎಂದ. ಬಾಗಿಲ ಹಿಂದಿನಿಂದ ಅವನ ಹೆಂಡತಿ, "ನಿನ್ ಮೈಯಾಗೆ ರಕ್ತ ಎಲ್ಲೈತೆ, ಇರೋದೆಲ್ಲ ಬ್ರಾಂದಿ. ಸೊಳ್ಳೆ ಕುಡುದ್ರೆ ಸೊಳ್ಳೇನೇ ಬಿದ್ದೋಯ್ತದೆ" ಎಂದಳು. ಇನ್ನೊಂದು ಸಲ ನಕ್ಕರು. ನಾನೂ ನಕ್ಕೆ. ಆ ಹಟ್ಟಿಯಲ್ಲಿ ನಾನು ಬೇರೆಯವರ ಜೊತೆ ಕೂತು ನಕ್ಕಿದ್ದು ಹೆಚ್ಚುಕಮ್ಮಿ ಅದೊಂದೇ ದಿನ.

ನಾನು ಸೊಳ್ಳೆ ಹಿಡಿಯುವವನು. ಆರೋಗ್ಯ ಇಲಾಖೆಯ ಕಾಗದದಲ್ಲಿ ನನ್ನ ಹುದ್ದೆಗೆ ಉದ್ದದ ಹೆಸರಿದೆ, ಅದರಲ್ಲಿ ಯಾರೂ ಕರೆಯುವುದಿಲ್ಲ. "ಸೊಳ್ಳೆ ಸಾರ್" ಎನ್ನುತ್ತಾರೆ. ಮಧುಗಿರಿಯಲ್ಲಿ ಬೆಟ್ಟದ ಬುಡಕ್ಕೆ ಒಂದು ರೂಮು. ಹೆಂಡತಿ ತೀರಿಹೋದ ಮೇಲೆ ಒಬ್ಬನೇ. ಎಲ್ಲಿ ಡೆಂಗಿ ಕೇಸು ಬೀಳುತ್ತದೋ ಅಲ್ಲಿಗೆ ಬಸ್ಸು ಹತ್ತುವುದು, ಸೊಳ್ಳೆ ಎಲ್ಲಿ ಹುಟ್ಟುತ್ತಿದೆ ಎಂದು ಹುಡುಕುವುದು. ಆ ಸಲ ನಲವತ್ತು ಮನೆಯ ಒಂದು ಹಟ್ಟಿ. ಮೊದಲಿಂದ ಕುರಿ ಸಾಕುವವರು. ಈಗ ಸುಮಾರು ಜನರ ಹೊಲ ಸೋಲಾರ್ ವಿದ್ಯುತ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ನಾನು ಹೋಗುವ ಹೊತ್ತಿಗೆ ಒಂದೇ ಬೀದಿಯಿಂದ ಇಬ್ಬರು ಪಾವಗಡದ ಆಸ್ಪತ್ರೆ ಸೇರಿದ್ದರು.

ಬಸ್ಸಿಳಿದಾಗ ಕಾಯುತ್ತಿದ್ದವಳು ಆ ಊರಿನ ಆಶಾ ಕಾರ್ಯಕರ್ತೆ, ಎಲ್ಲರ ಬಾಯಲ್ಲೂ ಬರೀ ಆಶಾ. ನಲವತ್ತೈದರ ಆಸುಪಾಸಿನ ಹೆಂಗಸು, ಗುಲಾಬಿ ಸೀರೆ, ಕೈಯಲ್ಲಿ ರಿಜಿಸ್ಟರು. ನಮಸ್ಕಾರವನ್ನೂ ಹೇಳದೆ ಶುರುಮಾಡಿದಳು.

"ಸಾರ್, ನನ್ ಮಗಳು ಬಾಣಂತನಕ್ಕೆ ಬಂದವ್ಳೆ. ಚೊಚ್ಚಲು. ಎಂಟ್ನೇ ತಿಂಗ್ಳು ನಡೀತೈತೆ. ಅದೇ ಬೀದಿ."

"ಗಂಡನ ಮನೆಗೆ ವಾಪಸ್ ಕಳಿಸೋಕಾಗಲ್ವಾ?"

"ಶಾಸ್ತ್ರ ಮಾಡಿ ಕರ್ಕಂಡ್ ಬಂದಿದೀವಿ. ಇಂಗೆ ಜ್ವರ ಐತೆ, ಕರ್ಕಂಡೋಗಿ ಅಂದ್ರೆ ಅವ್ರತ್ತೆ ಏನಂತಾಳೆ? ನೀವ್ ಅದೇನಾರಾ ಮಾಡ್ರಿ. ಎಲ್ಲಿ ಹುಟ್ತದೆ ಅಂತ ಹುಡುಕ್ಬುಡ್ರಿ, ಅಷ್ಟೇ."

ಹುಡುಕುವುದು ಹೇಗೆ ಎಂದು ಹೇಳುತ್ತೇನೆ. ಡೆಂಗಿ ಸೊಳ್ಳೆ ಚರಂಡಿಯದ್ದಲ್ಲ. ಕಾಲಿಗೆ ಬಿಳಿ ಪಟ್ಟೆ ಇರುವ ಈ ಸೊಳ್ಳೆಗೆ ತಿಳಿನೀರೇ ಬೇಕು. ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರಿನಾಚೆ ಹೋಗುವುದು ಕಮ್ಮಿ. ಅಂದರೆ ಒಂದು ಬೀದಿಯಲ್ಲಿ ಜ್ವರ ಇದ್ದರೆ ಹುಟ್ಟೂ ಅಲ್ಲೇ ಎಲ್ಲೋ ಇರುತ್ತದೆ. ನಾನು ಮನೆಮನೆಗೆ ಹೋಗಿ ಡ್ರಮ್ಮು, ತೊಟ್ಟಿ, ಕೊಡ, ಫ್ರಿಡ್ಜಿನ ಹಿಂದಿನ ತಟ್ಟೆ, ಒಡೆದ ಮಡಕೆ ಎಲ್ಲಕ್ಕೂ ಬಿಳಿ ಸೌಟು ಅದ್ದಿ, ಟಾರ್ಚು ಬಿಟ್ಟು ನೋಡುತ್ತೇನೆ. ಸೊಳ್ಳೆಯ ಮರಿಹುಳ ಇದ್ದರೆ ಬಿಳಿಯ ಮೇಲೆ ಬಾಲ ಮೇಲೆ ಮಾಡಿ ಕುಣಿಯುತ್ತದೆ. ಫಾರಂನಲ್ಲಿ ಬರೆದು, ಗೋಡೆಗೆ ಸೀಮೆಸುಣ್ಣದಲ್ಲಿ ತಾರೀಖು ಹಾಕಿ, ಮುಂದಿನ ಮನೆಗೆ. ಬಿಸಿಲು ಏರುವ ಮುಂಚೆ ಶುರುಮಾಡಿದರೆ ನಲವತ್ತು ಮನೆಗೆ ಎರಡು ದಿನ ಬೇಕು.

ಮೊದಲ ವಾರ ಡ್ರಮ್ಮುಗಳದ್ದೇ ಕೆಲಸ. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರು. ನೀಲಿ ಡ್ರಮ್ಮು ಇಲ್ಲದ ಮನೆ ಇಲ್ಲ. ಆರು ಡ್ರಮ್ಮಿನಲ್ಲಿ ಹುಳ ಸಿಕ್ಕಿತು. ಚೆಲ್ಲಿಸಿದೆ, ಒಳಗೋಡೆ ಉಜ್ಜಿಸಿದೆ, ಬಿಸಿಲಿಗೆ ಬೋರಲು ಹಾಕಿಸಿದೆ. ಉಜ್ಜುವುದು ಮುಖ್ಯ. ಆ ಸೊಳ್ಳೆ ಮೊಟ್ಟೆಯನ್ನು ನೀರಿನ ಮೇಲೆ ಇಡುವುದಿಲ್ಲ, ನೀರಿನ ಅಂಚಿಗಿಂತ ಒಂದು ಕೂದಲು ಮೇಲೆ, ತೇವದ ಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ ಉಳಿಯುತ್ತದೆ, ಒಣಗಿ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಮುಟ್ಟಿದ ದಿನ ಒಡೆಯುತ್ತದೆ.

ನೀರು ಚೆಲ್ಲಿಸುವವನನ್ನು ಯಾರು ಇಷ್ಟಪಡುತ್ತಾರೆ? ನಾನು ಬೀದಿಗೆ ಕಾಲಿಟ್ಟರೆ ಹೆಂಗಸರು ಕೊಡಗಳ ಮೇಲೆ ತಟ್ಟೆ ಮುಚ್ಚುತ್ತಿದ್ದರು. ನನ್ನನ್ನು ಕಂಡರೆ ಮಕ್ಕಳನ್ನು ಒಳಗೆ ಕರೆಯುತ್ತಿದ್ದರು, "ಮತ್ತೆ ಯಾರಿಗ್ ಬಂತಂತೆ?" ಎಂದು ಪಿಸುಗುಡುತ್ತಿದ್ದರು. ಮಧ್ಯಾಹ್ನ ಶಾಲೆಯ ಕಟ್ಟೆ ಮೇಲೆ ಕೂತು, ಬೆಳಿಗ್ಗೆ ಕಟ್ಟಿಸಿಕೊಂಡು ಬಂದ ಇಡ್ಲಿ ತಿನ್ನುತ್ತಿದ್ದೆ. ಕುಡಿಯುವ ನೀರಿನ ಬಾಟಲಿಯನ್ನೂ ನಾನೇ ತರುತ್ತಿದ್ದೆ. ಕೇಳಿದರೆ ಕೊಡುತ್ತಿದ್ದರೇನೋ. ಹುಳ ಇದೆಯಾ ಎಂದು ಸೌಟು ಅದ್ದಿದ ಮನೆಯಲ್ಲೇ ಒಂದು ಲೋಟ ನೀರು ಕೊಡಿ ಎಂದು ಕೇಳಲು ಬಾಯಿ ಬರುತ್ತಿರಲಿಲ್ಲ.

ಎರಡನೇ ವಾರ ಇನ್ನೊಂದು ಕೇಸು. ಅದೇ ಬೀದಿ, ಆಶಾಳ ಮನೆಯಿಂದ ಮೂರನೇ ಮನೆ.

ಈ ಸಲ ಛಾವಣಿಗಳ ಮೇಲೆ ಕಣ್ಣಿಟ್ಟೆ. ಕೊಟ್ಟಿಗೆಗಳ ಮೇಲೆ ಹೊದಿಸಿದ ಪ್ಲಾಸ್ಟಿಕ್ ಟಾರ್ಪಾಲಿನ ಮಡಿಕೆಗಳಲ್ಲಿ ಮಳೆನೀರು ನಿಂತಿತ್ತು. ಏಣಿ ಹಾಕಿ ಒಂದೊಂದನ್ನೂ ಕೊಡವಿಸಿದೆ. ಎರಡು ಕಡೆ ಹುಳ ಇತ್ತು. ಇದೇ ಇರಬೇಕು ಅಂದುಕೊಂಡು ಸಂಜೆ ಬಸ್ಸಿನಲ್ಲಿ ನಿದ್ದೆ ಮಾಡಿದೆ, ಮಿಡಿಗೇಶಿ ದಾಟಿದ್ದೂ ಗೊತ್ತಾಗಲಿಲ್ಲ. ಆಮೇಲೆ ಹೊಗೆ ಯಂತ್ರವೂ ಬಂತು. ಊರಿಗೆ ಊರೇ ಖುಷಿಯಾಯಿತು. ಜನಕ್ಕೆ ಹೊಗೆ ಕಂಡರೆ ಸರ್ಕಾರ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಸಾಯಿಸುತ್ತದೆ, ಅದೂ ಹೊಗೆ ತಾಗಿದರೆ. ಮಂಚದ ಕೆಳಗೆ, ನೇತುಹಾಕಿದ ಅಂಗಿಯ ಹಿಂದೆ ಕೂತದ್ದು ಕೂತೇ ಇರುತ್ತದೆ. ನೀರೊಳಗಿನ ಹುಳಕ್ಕೆ ಏನೂ ಆಗುವುದಿಲ್ಲ.

ಐದು ದಿನಕ್ಕೆ ನಾಲ್ಕನೇ ಕೇಸು. ವೈದ್ಯಾಧಿಕಾರಿ ಫೋನು ಮಾಡಿ, "ಏನ್ರೀ, ಹುಡುಕ್ತಿದೀರೋ, ಸುಮ್ನೆ ಬಸ್ಸಲ್ಲಿ ತಿರುಗ್ತಿದೀರೋ?" ಎಂದರು.

ಆಶಾಳ ಮಗಳಿಗೆ ಮಾತ್ರ ನನ್ನನ್ನು ಕಂಡರೆ ಭಯ ಇರಲಿಲ್ಲ. ಇಪ್ಪತ್ತೊಂದರ ಹುಡುಗಿ. ಅಮ್ಮನ ಆಜ್ಞೆ ಪ್ರಕಾರ ಆ ಸೆಖೆಯಲ್ಲೂ ಉದ್ದ ತೋಳಿನ ಅಂಗಿ ಹಾಕಿ, ಕಾಲಿಗೆ ಸಾಕ್ಸ್ ಹಾಕಿ, ಹಗಲೆಲ್ಲ ಸೊಳ್ಳೆಪರದೆಯೊಳಗೆ ಕೂತಿರುತ್ತಿದ್ದಳು. ಕಿಟಕಿಯಿಂದಲೇ ಮಾತು.

"ಸಾರ್, ಅವಕ್ಕೆ ಕತ್ಲಾಗೆ ಕುಂತಿದ್ರೂ ಹೆಂಗ್ ಗೊತ್ತಾಗ್ತದೆ ಇಲ್ಲೊಬ್ರವ್ರೆ ಅಂತ?"

"ಉಸಿರು ತಾಯಿ. ನಾವು ಬಿಡೋ ಉಸಿರು ಗಾಳಿಯಲ್ಲಿ ದಾರಿ ಥರ ಹೋಗುತ್ತೆ, ಅದನ್ನ ಹಿಡ್ಕೊಂಡು ಬರುತ್ತೆ. ಹತ್ರ ಬಂದಮೇಲೆ ಕಪ್ಪಗೆ ಅಲ್ಲಾಡೋದನ್ನ ನೋಡುತ್ತೆ. ಇನ್ನೂ ಹತ್ರ ಬಂದ್ರೆ ಮೈ ಬಿಸಿ, ಬೆವರಿನ ವಾಸನೆ."

"ಅಂಗಾರೆ ಉಸ್ರು ಬಿಡ್ದಂಗೆ ಇದ್ಬುಟ್ರೆ ಆಯ್ತು" ಎಂದು ನಕ್ಕಳು.

ಬಸುರಿಯ ಉಸಿರು ಹೆಚ್ಚು, ಮೈ ಬಿಸಿಯೂ ಹೆಚ್ಚು, ಸೊಳ್ಳೆಗೆ ಅವಳನ್ನು ಹುಡುಕುವುದು ಇನ್ನೂ ಸುಲಭ ಎಂದು ನಾನು ಹೇಳಲಿಲ್ಲ. ಪರದೆ ಚೆನ್ನಾಗಿ ಸಿಗಿಸಿಕೋ ಎಂದೆ.

ಆ ರಾತ್ರಿ ಮಧುಗಿರಿಗೆ ಹೋಗದೆ ಪಂಚಾಯಿತಿ ಕಟ್ಟಡದಲ್ಲಿ ಮಲಗಿದೆ. ನಲವತ್ತು ಮನೆಯ ಫಾರಂ ಮತ್ತೆ ಓದಿದೆ. ನೀರಿರುವ ಪಾತ್ರೆ ಒಂದೂ ಬಿಟ್ಟಿಲ್ಲ. ಹಾಗಿದ್ದರೂ ಸೊಳ್ಳೆ ಇದೆ. ನೀರಿನ ಕಡೆಯಿಂದ ಹುಡುಕಿದರೆ ಸಿಗುತ್ತಿಲ್ಲ, ಸೊಳ್ಳೆಯ ಕಡೆಯಿಂದಲೇ ಹುಡುಕೋಣ ಎಂದು ತೀರ್ಮಾನ ಮಾಡಿದೆ. ಅದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉಪಕರಣ: ನನ್ನ ಕಾಲು.

ಇದನ್ನು ಈಗ ಯಾರೂ ಮಾಡಬಾರದು. ಡೆಂಗಿ ಇರುವ ಊರಿನಲ್ಲಿ ಕಾಲು ಒಡ್ಡಿ ಕೂರುವುದು ನಿಯಮಕ್ಕೂ ವಿರುದ್ಧ, ಬುದ್ಧಿಗೂ ವಿರುದ್ಧ. ಅಪ್ಪಣೆ ಕೇಳಿದರೆ ಬೇಡ ಎನ್ನುತ್ತಾರೆ, ಆದ್ದರಿಂದ ಕೇಳಲಿಲ್ಲ. ಬೆಳಿಗ್ಗೆ ಸೂರ್ಯ ಹುಟ್ಟಿದ ಮೇಲೆ ಎರಡು ಗಂಟೆ, ಸಂಜೆ ಮುಳುಗುವ ಮುಂಚೆ ಎರಡು ಗಂಟೆ. ಈ ಸೊಳ್ಳೆಯ ಊಟದ ಸಮಯ ಅದು. ಪ್ಯಾಂಟು ಮಂಡಿವರೆಗೆ ಮಡಚಿ, ಬೀದಿಯ ಒಂದೊಂದು ಜಾಗದಲ್ಲಿ ಅರ್ಧರ್ಧ ಗಂಟೆ ಸ್ಟೂಲಿನ ಮೇಲೆ ಕೂರುವುದು. ಕೈಯಲ್ಲಿ ಗಾಜಿನ ಹೀರುಗೊಳವೆ. ಸೊಳ್ಳೆ ಬಂದು ಕೂತ ಕ್ಷಣ, ಸೂಜಿ ಇಳಿಸುವ ಮುಂಚೆ, ಕೊಳವೆ ಇಟ್ಟು ಬಾಯಿಂದ ಎಳೆದುಕೊಳ್ಳಬೇಕು. ಬಾಯಿಗೆ ಬರದಂತೆ ನಡುವೆ ಜಾಲರಿ ಇರುತ್ತದೆ. ಎಲ್ಲಿ ಹೆಚ್ಚು ಬರುತ್ತವೋ ಹುಟ್ಟು ಅತ್ತ ಕಡೆ.

ಆ ಸೊಳ್ಳೆ ಕಳ್ಳ. ಎದುರಿನಿಂದ ಬರುವುದಿಲ್ಲ, ಕಿವಿಯ ಹತ್ತಿರ ಹಾಡುವುದೂ ಕಮ್ಮಿ. ಹಿಂದಿನಿಂದ, ಕೆಳಗಿನಿಂದ, ಹಿಮ್ಮಡಿಯ ಮೇಲೆ ಬಂದು ಕೂರುತ್ತದೆ. ಕೂತದ್ದು ಗೊತ್ತಾಗುವುದಿಲ್ಲ. ನಾವು ಒಂದು ಸೂಜಿ ಅಂದುಕೊಳ್ಳುತ್ತೇವೆ, ಅದರ ಬಾಯಿಯಲ್ಲಿ ಆರು ಎಳೆ ಇವೆ. ಎರಡು ಕೊಯ್ಯುತ್ತವೆ, ಎರಡು ಚರ್ಮ ಹಿಡಿದುಕೊಳ್ಳುತ್ತವೆ, ಒಂದು ಎಂಜಲು ಬಿಡುತ್ತದೆ, ಒಂದು ರಕ್ತ ಎಳೆಯುತ್ತದೆ. ರೋಗ ಬರುವುದು ಎಂಜಲಿನಲ್ಲಿ. ಸ್ವಲ್ಪ ಅಲ್ಲಾಡಿದರೂ ಬಿಟ್ಟು ಹಾರಿ ಪಕ್ಕದವರಿಗೆ ಕಚ್ಚುತ್ತದೆ. ಹಾಗಾಗಿ ಒಂದೇ ಸೊಳ್ಳೆ ಒಂದು ಮನೆಯವರನ್ನೆಲ್ಲ ಮಲಗಿಸಬಲ್ಲದು.

ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. "ಲೇ, ಸಾರು ಸೊಳ್ಳೆಗೆ ಅನ್ನ ಇಕ್ತಾವ್ರೆ ಕಣ್ಲಾ!" ಎಂದು ಒಬ್ಬ ಕೂಗಿದ. ಆಮೇಲೆ ಯಾರೂ ನಿಲ್ಲಲಿಲ್ಲ. ಎರಡು ದಿನ ಹಾಗೆ ಕೂತೆ. ಕಾಲು ಅಲ್ಲಾಡಿಸುವಂತಿಲ್ಲ, ಫೋನು ನೋಡುವಂತಿಲ್ಲ, ಮಾತಾಡಲು ಯಾರೂ ಇಲ್ಲ. ನನ್ನ ಉಸಿರು ಹಿಡಿದುಕೊಂಡು ನನ್ನನ್ನೇ ಹುಡುಕಿ ಬರುವ ಜೀವ ಅದೊಂದೇ ಅನ್ನಿಸಿ, ನನ್ನ ಮೇಲೆ ನನಗೇ ಸಿಟ್ಟು ಬಂತು.

ಬೀದಿಯ ಮೇಲಿನ ತುದಿಯಲ್ಲಿ ಒಂದು ಬಂತು. ಶಾಲೆಯ ಹತ್ತಿರ ಒಂದೂ ಇಲ್ಲ. ಆಶಾಳ ಮನೆ ಮುಂದೆ ಐದು. ಅವಳ ಪಕ್ಕದ ಮನೆಯ ಅಂಗಳದ ಅಂಚಿಗೆ ಸ್ಟೂಲು ಹಾಕಿದ ಸಂಜೆ ಅರ್ಧ ಗಂಟೆಗೆ ಹದಿನಾಲ್ಕು. ಹತ್ತು ದಾಟಿದ ಮೇಲೆ, ಕೊಳವೆ ಇಡುವಷ್ಟರಲ್ಲಿ ಎರಡು ನನ್ನನ್ನು ಕಚ್ಚಿಯೇ ಹೋದವು.

ಆ ಮನೆಯ ಯಜಮಾನ ಐವತ್ತೈದರ ಗಂಡಸು. ಹೆಂಡತಿ ಮಕ್ಕಳು ಇಲ್ಲ. ಟೈಲ್ಸ್ ಹಾಕಿದ ಹೊಸ ಮನೆ, ಅಂಗಳ ಗುಡಿಸಿ ಕನ್ನಡಿ ಥರ. ಡ್ರಮ್ಮಿಗೆ ಬಟ್ಟೆ ಕಟ್ಟಿ ಮುಚ್ಚುತ್ತಿದ್ದವನು ಇಡೀ ಹಟ್ಟಿಯಲ್ಲಿ ಅವನೊಬ್ಬನೇ. ಅವನ ಫಾರಂನಲ್ಲಿ ನಾನು ಒಂದೇ ಒಂದು ಕುಂದೂ ಬರೆದಿರಲಿಲ್ಲ. ಎಲ್ಲಿಂದ ಬರುತ್ತಿವೆ ಇವು?

ಬಿಸಿಲು ಓರೆಯಾಗಿತ್ತು. ಅಷ್ಟರಲ್ಲಿ ಧೂಳೆದ್ದಿತು. ಉಳಿದ ಹಿಂಡುಗಳು ಮೇವಿಂದ ವಾಪಸ್ಸು ಬರುತ್ತಿದ್ದವು. ಬ್ಯಾ ಬ್ಯಾ ಎನ್ನುತ್ತಾ ಕುರಿಗಳು ಆ ಕಡೆ ನಾಲ್ಕನೇ ಮನೆಗೆ ನುಗ್ಗಿದವು, ಈ ಕಡೆ ಮೂಲೆ ಮನೆಗೆ ನುಗ್ಗಿದವು, ಅಲ್ಲಿ ನೀರು ಕುಡಿಯಲು ಇಟ್ಟ ಕಲ್ಲುಬಾನಿಗೆ ಬಾಯಿ ಹಾಕಿದವು. ನಾನು ಕೂತಿದ್ದ ಅಂಗಳಕ್ಕೆ ಒಂದು ಕುರಿಯೂ ಬರಲಿಲ್ಲ.

ಅಂಗಳದ ನಡುವೆ ಕಲ್ಲುಬಾನಿ ಇತ್ತು. ಒಂದೇ ಬಂಡೆಯಲ್ಲಿ ಕೊರೆದದ್ದು, ಎರಡಾಳು ಉದ್ದ. ಅಂಚಿಗೆ ಎರಡೇ ಬೆರಳು ಕಮ್ಮಿ ನೀರು.

ಎದ್ದು ಹೋಗಿ ಸೌಟು ಅದ್ದಿದೆ. ನನ್ನ ನೆರಳು ಬಿದ್ದ ಕೂಡಲೇ ಹುಳಗಳೆಲ್ಲ ಕೆಳಗಿಳಿದವು. ನೆರಳು ಸರಿಸಿ ಕಾದೆ. ಮೇಲೆ ಬಂದವು. ಸೌಟಿನಲ್ಲಿ ನೀರಿಗಿಂತ ಹುಳವೇ ಹೆಚ್ಚು.

ಆಗಿದ್ದೇನು ಎಂದರೆ, ಕುರಿ ಸಾಕುವ ಊರಿನ ಬಾನಿಗೆ ನಮ್ಮವರು ಸೌಟು ಹಾಕುವುದಿಲ್ಲ. ಕುರಿಗಳು ದಿನವೂ ತಳ ಕಾಣುವ ತನಕ ಕುಡಿಯುತ್ತವೆ, ಅಂಚು ನೆಕ್ಕುತ್ತವೆ, ಅಲ್ಲಿ ಹುಳಕ್ಕೆ ವಾರ ಬದುಕಲು ಪುರಸೊತ್ತೇ ಇಲ್ಲ. ಫಾರಂನಲ್ಲಿ "ದಿನಬಳಕೆ" ಎಂಬ ಚೌಕಕ್ಕೆ ಗುರುತು ಹಾಕಿ ಮುಂದೆ ಹೋಗುತ್ತೇವೆ. ಮೊದಲ ದಿನ ನಾನು ಅದನ್ನೇ ಮಾಡಿದ್ದೆ. ಹಗಲು ಕುರಿ ಕಾಣದಿದ್ದರೆ ಮೇಯಲು ಹೋಗಿವೆ ಎಂದೇ ಅರ್ಥ ಅಂದುಕೊಂಡಿದ್ದೆ. ಕೇಳಲೇ ಇಲ್ಲ.

ಅವನು ಹೊರಗೆ ಬಂದ. "ಅಣ್ಣ, ನಿನ್ ಕುರಿ ಎಲ್ಲಿ?" ಎಂದೆ.

"ಲೇವು ಸಾರೂ, ಒಂದೂ ಇಲ್ಲ. ಮಾರ್ಬುಟ್ಟೆ, ಓದ್ ವರ್ಷವೇ. ಹೊಲ ಗುತ್ತಿಗೆಗೆ ಕೊಟ್ಮೇಲೆ ಮೇಸಾಕೆ ದೂರ ಓಗ್ಬೇಕು, ಮಂಡಿ ಬಗ್ಗಾಕಿಲ್ಲ."

"ಮತ್ತೆ ಬಾನಿಗೆ ನೀರ್ಯಾಕೆ?"

ಇದೇನು ಪ್ರಶ್ನೆ ಎಂಬಂತೆ ನೋಡಿದ. "ಬಾನಿ ಒಣಗಿಸ್ತಾರಾ ಯಾರಾದ್ರೂ? ನಮ್ ತಾತ ಕೊರ್ಸಿದ್ದು. ಕುರಿ ಓದ್ರೂ ಬಾನಿ ತೇವ ಇರ್ಬೇಕು, ಆಗ್ಲೇ ಇನ್ನೊಂದ್ಸಲ ಕುರಿ ಬರಾದು. ಒಣಗಿಸಿದ್ನೋ, ಈ ಮನೇಲಿ ಕುರಿ ಸಂತತಿ ಮುಗೀತು ಅಂತ ಲೆಕ್ಕ. ದಿನಾ ಬೆಳಕರಿಯಾಕ್ ಮುಂಚೆ ಎರಡು ಬಿಂದ್ಗೆ ಉಯ್ತೀನಿ."

ಬಿಸಿಲಿಗೆ ಎರಡು ಬೆರಳು ನೀರು ಇಳಿಯುತ್ತದೆ. ಅಲ್ಲಿ ಸೊಳ್ಳೆ ಮೊಟ್ಟೆ ಅಂಟಿಸುತ್ತದೆ. ಬೆಳಿಗ್ಗೆ ಅವನು ಎರಡು ಬಿಂದಿಗೆ ಸುರಿಯುತ್ತಾನೆ, ನೀರು ಏರಿ ಮೊಟ್ಟೆ ಮುಟ್ಟುತ್ತದೆ. ನಾವು ಪ್ರಯೋಗಾಲಯದಲ್ಲಿ ಬೇಕೆಂದೇ ಸೊಳ್ಳೆ ಬೆಳೆಸುವುದೂ ಹೆಚ್ಚುಕಮ್ಮಿ ಹೀಗೇ.

"ಮನೆಯಲ್ಲಿ ಒಬ್ನೇನಾ ಅಣ್ಣ?"

"ಕುರಿ ಇದ್ದಾಗ ಒಬ್ನೇ ಅನ್ನುಸ್ತಿರ್ಲಿಲ್ಲ" ಎಂದ.

ಸೌಟು ತೋರಿಸಿ ವಿಷಯ ಹೇಳಿದೆ. ನಂಬಲಿಲ್ಲ. "ಅದು ನೀರಿನ್ ಹುಳ ಸಾರೂ, ಎಲ್ಲಾ ಬಾನಿಯಾಗೂ ಇರ್ತದೆ. ಸೊಳ್ಳೆ ಆಕಾಶ್ದಾಗೆ ಹುಟ್ತದೆ, ಇದು ನೀರ್ನಾಗೆ. ಎಲ್ಲಿಗೆಲ್ಲಿಗ್ ಗಂಟು?"

ನನ್ನ ಚೀಲದಲ್ಲಿ ಹುಳ ಕೊಲ್ಲುವ ದ್ರಾವಣ ಇತ್ತು. ಕೇಳದೆ ಸುರಿಯುವ ಅಧಿಕಾರವೂ ಇತ್ತು. ಪಂಚಾಯಿತಿಗೆ ಒಂದು ಫೋನು ಮಾಡಿದ್ದರೆ ಬಂದು ಬಾನಿ ಒಡೆಯುತ್ತಿದ್ದರು. ಆಮೇಲೆ ಜ್ವರ ಬಿದ್ದ ನಾಲ್ಕು ಮನೆಯವರು ಇವನ ಬಾಗಿಲಿಗೆ ಜಗಳಕ್ಕೆ ಬರುತ್ತಿದ್ದರು. ದ್ರಾವಣ ಮಾತ್ರ ಹಾಕಿದೆ, ಅದಕ್ಕೆ ಅವನು ಅಡ್ಡ ಬರಲಿಲ್ಲ. ಆದರೆ ದ್ರಾವಣದ ಶಕ್ತಿ ವಾರಗಳಲ್ಲಿ ಇಳಿಯುತ್ತದೆ. ಅವನು ದಿನಾ ನೀರು ಸುರಿಯುವವನು, ಗೋಡೆಯ ಮೊಟ್ಟೆ ಹಾಗೇ ಇರುತ್ತದೆ. ಬಾನಿ ಒಣಗಬೇಕಾದರೆ ಅವನೇ ಒಣಗಿಸಬೇಕು. ದ್ರಾವಣ ಹಾಕುವ ಮುಂಚೆಯೇ ಒಂದು ಸೌಟು ನೀರನ್ನು ಗಾಜಿನ ಬಾಟಲಿಗೆ ತುಂಬಿ, ಬಾಯಿಗೆ ಸೊಳ್ಳೆಪರದೆ ತುಂಡು ಕಟ್ಟಿ ಅವನ ಕೈಗೆ ಕೊಟ್ಟಿದ್ದೆ. "ದೀಪದ ಗೂಡಲ್ಲಿ ಇಟ್ಟು ನೋಡ್ತಿರು, ಅಷ್ಟೇ" ಎಂದು ಹೇಳಿ ಬಂದೆ.

ಮೂರನೇ ದಿನ ಬೆಳಿಗ್ಗೆ ಹೋದಾಗ ಅವನು ಅಂಗಳದಲ್ಲಿ ಕೂತಿದ್ದ. ಬಾಟಲಿ ಮುಂದಿತ್ತು. ಪರದೆಯ ಕೆಳಗೆ ಏಳೆಂಟು ಸೊಳ್ಳೆ, ಕಾಲಿಗೆ ಬಿಳಿ ಪಟ್ಟೆ.

"ರಾತ್ರಿಯೆಲ್ಲ ನೋಡ್ದೆ ಸಾರೂ. ಹುಳದ್ ಬೆನ್ನು ಸೀಳಿ ಈಚೆಗ್ ಬಂತು. ನೀರ್ ಮೇಲೇ ನಿಂತ್ಕಂಡು ರೆಕ್ಕೆ ಒಣಗಿಸ್ಕಂಡ್ತು" ಎಂದ. ಚೊಂಬು ತಂದು ಬಾನಿಯ ನೀರು ಮೊಗೆಯಲು ಶುರುಮಾಡಿದ. ನಾನು ಕೈ ಹಾಕಲು ಹೋದೆ, ಬೇಡ ಎಂದ. ತಳ ಕಂಡ ಮೇಲೆ ತೆಂಗಿನ ನಾರು, ಇಟ್ಟಿಗೆ ಪುಡಿ ಹಾಕಿ ಮೂಲೆಮೂಲೆ ಉಜ್ಜಿದ. ಮಂಡಿ ಬಗ್ಗದವನು ಬಾನಿಯೊಳಗೇ ಕೂತು ಉಜ್ಜಿದ. ಮಧ್ಯಾಹ್ನದ ಹೊತ್ತಿಗೆ ಕಲ್ಲು ಬೆಳ್ಳಗೆ ಒಣಗಿ ಬಿಸಿಲಿಗೆ ಕಾದಿತ್ತು. ಅವನು ಅದರ ಕಡೆ ಬೆನ್ನು ತಿರುಗಿಸಿ ಕೂತ.

ಮಾರನೇ ದಿನ ಆಶಾ ಫೋನು ಮಾಡಿದಳು. ಮಗಳಿಗೆ ಜ್ವರ.

ಹಗಲು ಪರದೆ ಬಿಟ್ಟು ಯಾವಾಗಲೋ ಬಚ್ಚಲಿಗೆ ಎದ್ದು ಹೋದಾಗ ಕಚ್ಚಿರಬೇಕು. ಕಚ್ಚಿದ ಮೇಲೆ ಜ್ವರ ಬರಲು ಕಮ್ಮಿಯೆಂದರೂ ನಾಲ್ಕೈದು ದಿನ ಬೇಕು. ಲೆಕ್ಕ ಹಾಕಿದರೆ ಬಾನಿ ತುಂಬಿದ್ದಾಗಲೇ. ರಕ್ತ ಪರೀಕ್ಷೆಯಲ್ಲಿ ಡೆಂಗಿ ಎಂದೇ ಬಂತು. ಪಾವಗಡದ ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ, ಆದರೂ ಹೋದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತೆ. ದಿನಾ ಬೆಳಿಗ್ಗೆ ಪ್ಲೇಟ್‌ಲೆಟ್ ಎಷ್ಟು ಎಂದು ಆಶಾ ಹೊರಗೆ ಬಂದು ಹೇಳುತ್ತಿದ್ದಳು. ಮೊದಲ ದಿನ ಇಳಿಯಿತು. ಎರಡನೇ ದಿನ ಇನ್ನೂ ಇಳಿಯಿತು. "ಮಗು ಅಲ್ಲಾಡ್ತೈತಂತೆ, ಅದೊಂದೇ ಈಗ" ಎಂದು ಹೇಳಿ ಒಳಗೆ ಹೋದಳು.

ಎರಡನೇ ದಿನ ಸಂಜೆ ಅವನು ಬಂದ, ಬಾನಿಯವನು. ಒಳಗೆ ಹೋಗಲಿಲ್ಲ. ನನ್ನ ಪಕ್ಕ, ಒಂದಾಳು ಜಾಗ ಬಿಟ್ಟು ಕೂತ. ವಾರ್ಡಿನ ಬಾಗಿಲ ಕಡೆ ನೋಡುತ್ತಾ ಕೇಳಿದ.

"ಸಾರೂ, ನನ್ ಬಾನೀದೇನಾ ಇದು?"

ಯಾವ ಸೊಳ್ಳೆ ಎಂದು ಯಾರು ಹೇಳಬಲ್ಲರು ಎಂದು ಜಾರಿಕೊಳ್ಳಬಹುದಿತ್ತು. ಅದು ಪೂರಾ ಸುಳ್ಳೂ ಅಲ್ಲ.

"ನಿನ್ನ ಬಾನೀದೇ ಇರಬೇಕು ಅಣ್ಣ. ಆದ್ರೆ ಬಾನಿ ನೋಡೋದು ನಿನ್ನ ಕೆಲಸ ಅಲ್ಲ, ನನ್ನದು. ನಾನು ಮೂರು ವಾರದ ಹಿಂದೆ ಅದರ ಪಕ್ಕವೇ ನಿಂತಿದ್ದೆ. ಸೌಟು ಕೈಯಲ್ಲೇ ಇತ್ತು. ಅದ್ದಲಿಲ್ಲ."

ಅವನು ನನ್ನ ಮುಖ ನೋಡಿದ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ವಾಸಿಯಿತ್ತು. "ಊಟ ಆಯ್ತಾ?" ಎಂದು ಕೇಳಿದ. ಇಲ್ಲ ಎಂದೆ. ಹೊರಗೆ ಹೋಗಿ ಎರಡು ಪೊಟ್ಟಣ ಚಿತ್ರಾನ್ನ ತಂದ. ಬೆಂಚಿನ ಮೇಲೇ ಕೂತು ತಿಂದೆವು. ಆ ಹಟ್ಟಿಯವರು ಯಾರಾದರೂ ನನಗೆ ತಿನ್ನಲು ಕೊಟ್ಟದ್ದು ಅದೇ ಮೊದಲು.

ಮೂರನೇ ದಿನ ಬೆಳಿಗ್ಗೆ ಆಶಾ ಹೊರಗೆ ಬಂದಾಗ ಅವಳ ನಡಿಗೆಯಲ್ಲೇ ಗೊತ್ತಾಯಿತು. "ಏರ್ತಾ ಐತೆ ಸಾರ್. ಜ್ವರಾನೂ ಬುಟ್ಟೈತೆ. ಗಂಜಿ ಕೇಳಿದ್ಲು" ಎಂದಳು. ಅವನು ಎದ್ದು, ಪಂಚೆ ಕೊಡವಿ, ಒಳಗೆ ಇಣುಕದೆ ಬಸ್‌ಸ್ಟ್ಯಾಂಡಿನ ಕಡೆ ಹೋದ.

ಆಮೇಲೆ ಮೂರು ವಾರ ಹಟ್ಟಿಗೆ ಹೋಗಿ ಬಂದೆ. ಕಾಲು ಒಡ್ಡಲಿಲ್ಲ, ಸೌಟು ಮಾತ್ರ ಅದ್ದಿದೆ, ಕುರಿ ಇರುವ ಬಾನಿಗಳಿಗೂ ಅದ್ದಿದೆ. ಹೊಸ ಕೇಸು ಇಲ್ಲ. ಹಾಗಾದಾಗ ಆ ಊರಿನ ಹೆಸರಿನ ಮುಂದೆ ಗೆರೆ ಎಳೆದು ಫೈಲು ಮುಚ್ಚುತ್ತೇವೆ. ನನ್ನನ್ನು ಕೊರಟಗೆರೆ ಕಡೆಗೆ ಹಾಕಿದರು.

ಎರಡು ತಿಂಗಳಾದ ಮೇಲೆ ಆಶಾಳ ಫೋನು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಭಾನುವಾರ ನಾಮಕರಣ. "ನೀವು ಬರ್ಲೇಬೇಕು ಸಾರ್. ಮಗಳು ಹೇಳವ್ಳೆ, ಸೊಳ್ಳೆ ಸಾರ್ ಬರ್ದಿದ್ರೆ ತೊಟ್ಲಿಗೇ ಹಾಕಲ್ಲ ಅಂತ."

ಹೋಗುವ ಆಸೆ ಇತ್ತು. ಅಂಗಿಗೆ ಇಸ್ತ್ರಿ ಮಾಡಿಸಬೇಕು ಎಂದೂ ಮನಸ್ಸಿಗೆ ಬಂತು. ಆದರೆ ಬೀಗರ ಕಡೆಯವರೆಲ್ಲ ಕೂತಿರುತ್ತಾರೆ. ನಾನು ಬೀದಿಯಲ್ಲಿ ಕಂಡರೆ ಸಾಕು, ಯಾರೋ ಒಬ್ಬರು ಮಗುವನ್ನು ಸೆರಗಿನೊಳಗೆ ಎಳೆದುಕೊಂಡು, ಮತ್ತೆ ಯಾರಿಗೆ ಬಂತಂತೆ ಎಂದು ಕೇಳುತ್ತಾರೆ. ತೊಟ್ಟಿಲ ಹತ್ತಿರ ಆ ಮಾತು ಬೇಡ.

"ಡ್ಯೂಟಿ ಐತಮ್ಮ, ಕೊರಟಗೆರೆಯಲ್ಲಿ" ಎಂದೆ.

"ಭಾನ್ವಾರಾನೂ ಹಾಕ್ತಾರಾ ಸಾರ್?"

"ಹಾಕ್ತಾರಮ್ಮ" ಎಂದೆ.

ಹಾಕುವುದಿಲ್ಲ.